ಮಾರಿದ ಮಾಲಿನ ಹಿಂದೆ ಹೋದವರು

ಇಂಥ ಅನುಭವಗಳನ್ನು ಸಾಮಾನ್ಯವಾಗಿ ನಿವೃತ್ತರು ಬರೆಯುತ್ತಾರೆ. ನನಗೆ ನಿವೃತ್ತಿ ಇನ್ನೂ ಬಹಳ ದೂರವಿದೆ. ಆದರೆ ನೆನಪು ಹಳಸಿ, ಅದರಲ್ಲಿರುವವರೆಲ್ಲ ಒಳ್ಳೆಯವರಾಗಿ ಕಾಣತೊಡಗುವ ಮೊದಲೇ ಬರೆದಿಡುವುದು ಮೇಲು ಎಂಬುದು ನನ್ನ ವಾದ. 1968ರಲ್ಲಿ ನಾನು ಕೊಳ್ಳೇಗಾಲದಲ್ಲಿ ತೋಟಗಾರಿಕೆ ಸಹಾಯಕನಾಗಿದ್ದೆ. ವಯಸ್ಸು ಇಪ್ಪತ್ತನಾಲ್ಕು. ಯಳಂದೂರಿನಿಂದ ಹಿಡಿದು ಹನೂರಿನಾಚೆ ಹೂಗ್ಯಂವರೆಗೆ, ಬಸ್ಸಿದ್ದಲ್ಲಿ ಬಸ್ಸಿನಲ್ಲಿ, ಇಲ್ಲದ ಕಡೆ ಸೈಕಲ್ಲಿನಲ್ಲಿ ಓಡಾಡಬೇಕು. ರೈತರಿಗೆ ಹಣ್ಣಿನ ಗಿಡ ಹಾಕಿಸುವುದು, ಯಾವಾಗ ಸವರಬೇಕೆಂದು ಹೇಳುವುದು, ಔಷಧಿ ಹೊಡೆದು ತೋರಿಸುವುದು, ಇಷ್ಟು ಕೆಲಸ.

ಕೃಷಿ ಕಾಲೇಜಿನಲ್ಲಿ ನಾನು ಓದಿದ್ದಕ್ಕಿಂತ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದ್ದೇ ಹೆಚ್ಚು. ಚೀಟಿಯಲ್ಲಿ ‘ಪರ’ ಎಂದು ಬಂದರೆ ಪರ, ‘ವಿರೋಧ’ ಎಂದು ಬಂದರೆ ವಿರೋಧ. ಎರಡೂ ಕಡೆ ಗೆದ್ದವನು. ಯಾರಾದರೂ ‘ನಂಬಿಕೆ’ ಎಂದರೆ ‘ಪುರಾವೆ ಎಲ್ಲಿ?’ ಎಂಬುದು ತಾನಾಗಿ ಬಾಯಿಗೆ ಬರುತ್ತಿತ್ತು. ಈಗಲೂ ಬರುತ್ತದೆ. ಅದರ ಬಗ್ಗೆ ನನಗೆ ಪಶ್ಚಾತ್ತಾಪವೇನೂ ಇಲ್ಲ.

ಕೊಳ್ಳೇಗಾಲದ ಸುತ್ತ ಹಣ್ಣಿನ ಇಲಾಖೆಯವನಿಗೆ ದೊಡ್ಡ ಎದುರಾಳಿ ಹಿಪ್ಪುನೇರಳೆ. ಊರೊಳಗೆ ರೇಷ್ಮೆ ನೇಯುವವರು, ಊರಾಚೆ ರೇಷ್ಮೆಹುಳ ಸಾಕುವವರು, ನಡುವೆ ಗೂಡಿನ ಮಾರುಕಟ್ಟೆ. ನೀರಿರುವ ನೆಲವೆಲ್ಲ ಹಿಪ್ಪುನೇರಳೆಯ ಪಾಲು. ಇಂಥ ಸೀಮೆಯಲ್ಲಿ ಕಾಮಗೆರೆಗೆ ಹೋಗುವ ದಾರಿಯಲ್ಲಿ ಕಲ್ಲುಕಂಬ ನಿಲ್ಲಿಸಿ, ತಂತಿ ಎಳೆದು, ಎರಡು ಎಕರೆ ದ್ರಾಕ್ಷಿ ಚಪ್ಪರ ಹಾಕಿದವನು ಸಿದ್ದಲಿಂಗ ಒಬ್ಬನೇ. ಅವನ ಹೆಂಡತಿಯ ತೌರು ದೇವನಹಳ್ಳಿ ಕಡೆ. ಮದುವೆಯಾದ ವರ್ಷ ಅಲ್ಲಿಂದ ಬೆಂಗಳೂರು ನೀಲಿ ಎಂಬ ಜಾತಿಯ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು ನೆಟ್ಟಿದ್ದ. ಕಪ್ಪು ಹಣ್ಣು, ದಪ್ಪ ಸಿಪ್ಪೆ, ಒಳಗೆ ಘಮಘಮ ವಾಸನೆಯ ತಿರುಳು. ಬಳ್ಳಿ ಚಪ್ಪರ ತುಂಬುವವರೆಗೆ ಕೊಡದಲ್ಲಿ ನೀರು ಹೊತ್ತಿದ್ದ. ಊರಿನವರು ಅವನನ್ನು ಕರೆಯುತ್ತಿದ್ದುದೇ ‘ಚಪ್ಪರದ ಸಿದ್ಲಿಂಗ’ ಎಂದು.

ಮನೆಯಲ್ಲಿ ಮೂರು ಮಾತು. ಅಣ್ಣ ಮಾದಪ್ಪನದು ರೇಷ್ಮೆ, ತಮ್ಮನದು ದ್ರಾಕ್ಷಿ, ಕೊನೆಯ ಮಾತು ತಾಯಿ ದೇವೀರಮ್ಮನವರದು. ಜಮೀನು ಅವರ ಹೆಸರಿನಲ್ಲಿತ್ತು. ಅರವತ್ತು ದಾಟಿದ, ನೆಟ್ಟಗೆ ನಡೆಯುವ, ಶಿವಪೂಜೆ ಆಗದೆ ನೀರು ಮುಟ್ಟದ ಹೆಂಗಸು. ಹುಳ ಸಾಕುವುದರಲ್ಲಿ ಸುತ್ತಮುತ್ತ ಅವರದೇ ಕೈ. ಹುಳ ಹಣ್ಣಾಗುವ, ಅಂದರೆ ಗೂಡು ಕಟ್ಟಲು ಅಣಿಯಾಗುವ ಹೊತ್ತನ್ನು ಮೂಸಿ ಹೇಳುತ್ತಾರೆ ಎಂದು ಮಾದಪ್ಪ ಜಂಬ ಕೊಚ್ಚುತ್ತಿದ್ದ. ನಾನು ನಂಬಿರಲಿಲ್ಲ.

ಸಿದ್ದಲಿಂಗನ ತೊಂದರೆ ಏನೆಂದರೆ ಹಣ್ಣು ಬರುತ್ತಿತ್ತು, ಹೋಗುತ್ತಿರಲಿಲ್ಲ. ಕೊಳ್ಳೇಗಾಲದ ಸಂತೆಗೆ ಬುಟ್ಟಿ ಬರುವಷ್ಟರಲ್ಲಿ ಅರ್ಧ ಹಣ್ಣು ಒಡೆದು ಸೋರುತ್ತಿತ್ತು, ಉಳಿದ ಅರ್ಧ ಹುಳಿ. ‘ಚಪ್ಪರದ ಹುಣಸೆಹಣ್ಣು ಬಂತು’ ಎಂದು ಸಂತೆಯವರು ನಗುತ್ತಿದ್ದರು. ಆ ವರ್ಷದ ಮಳೆಗಾಲದಲ್ಲಿ ಬೆಂಗಳೂರಿನ ಹತ್ತಿರದ ಒಂದು ವೈನ್ ಕಾರ್ಖಾನೆಯ ಏಜೆಂಟ್ ಬಂದ. ಒಡೆದಿದ್ದರೂ ಸರಿ, ಹುಳಿಯಿದ್ದರೂ ಸರಿ, ಇಡೀ ಬೆಳೆ ತೋಟದಲ್ಲೇ ತೂಗಿ ಒಯ್ಯುತ್ತೇವೆ ಎಂದ. ಸಿದ್ದಲಿಂಗ ಒಪ್ಪಿಕೊಂಡು ಬಿಟ್ಟ. ವೈನ್ ಎಂದರೇನೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಮಾದಪ್ಪ ಮಾತ್ರ ಗೂಡು ಮಾರಲು ಹೋದಾಗ ಯಾರಿಂದಲೋ ತಿಳಿದುಕೊಂಡು ಬಂದು, ಉಣ್ಣುವ ಹೊತ್ತಿನಲ್ಲಿ ತಾಯಿಯ ಮುಂದೆ ಹೇಳಿದ: “ಅವ್ವ, ನಿನ್ ಕಿರಿಮಗ ಎಂಡದ ಯಾಪಾರ ಸುರು ಮಾಡವ್ನೆ.”

ಕೊಳ್ಳೇಗಾಲ ಮದ್ರಾಸಿಗೆ ಸೇರಿದ್ದ ಕಾಲದಿಂದಲೂ ಪಾನನಿರೋಧ ಕಂಡ ಸೀಮೆ. 1956ರಲ್ಲಿ ಮೈಸೂರಿಗೆ ಸೇರಿದ ಮೇಲೂ ಹೆಂಡವೆಂದರೆ ಇಲ್ಲಿ ಪೊಲೀಸು, ಕಾಡಿನ ಅಂಚಿನ ಒಲೆ, ಕಳ್ಳ ದಾರಿ. ಅಂಥದ್ದರಲ್ಲಿ ಶೈವರ ಮನೆಯಲ್ಲಿ! ದೇವೀರಮ್ಮನವರು ಅಂದೇ ಅಪ್ಪಣೆ ಮಾಡಿದರು: ಚಪ್ಪರ ಕೀಳಬೇಕು, ಮಾದಪ್ಪ ಆ ನೆಲಕ್ಕೂ ಹಿಪ್ಪುನೇರಳೆ ಹಾಕಲಿ.

ಸಿದ್ದಲಿಂಗ ನನ್ನ ಆಫೀಸಿಗೆ ಬಂದು ನಿಂತ. “ಸಾ, ನೀವು ಸರ್ಕಾರದೋರು, ಮಾತ್ ಬಲ್ಲೋರು. ಒಂದ್ಸಲ ಬಂದು ಅವ್ವಂಗ ಏಳಿ. ಇನ್ನೇನ್ ಬಳ್ಳಿ ಸವರ ಕಾಲ. ಈಗ ಸವರ್ನಿಲ್ಲ ಅಂದ್ರ ಈ ವರ್ಸ ಅಣ್ಣಿಲ್ಲ. ಅಣ್ಣಿಲ್ದ ಬಳ್ಳಿಯ ಯಾರ್ ಸಾ ಉಳಿಸ್ತಾರ?”

ಅವನು ಹೇಳಿದ್ದು ನಿಜ. ನಮ್ಮ ಕಡೆ ದ್ರಾಕ್ಷಿಯನ್ನು ವರ್ಷಕ್ಕೆ ಎರಡು ಸಲ ಸವರುತ್ತೇವೆ. ಬೇಸಿಗೆಯಲ್ಲಿ ಮಾಡುವುದು ಕಡ್ಡಿ ಬೆಳೆಸುವ ಪ್ರೂನಿಂಗ್, ಅಕ್ಟೋಬರಿನಲ್ಲಿ ಮಾಡುವುದು ಹಣ್ಣು ಬಿಡಿಸುವ ಪ್ರೂನಿಂಗ್. ಎರಡನೆಯದು ತಪ್ಪಿದರೆ ಬಳ್ಳಿ ಬರೀ ಎಲೆ ಹೊದ್ದುಕೊಂಡು ಮೆರೆಯುತ್ತದೆ.

ನಾನು ಹೋದೆ. ಜಗಲಿಯ ಮೇಲೆ ದೇವೀರಮ್ಮನವರು, ಕಂಬಕ್ಕೆ ಒರಗಿ ಮಾದಪ್ಪ, ಅಂಗಳದಲ್ಲಿ ಸಿದ್ದಲಿಂಗ. ನನಗೆ ಚೀಟಿಯಲ್ಲಿ ‘ಪರ’ ಬಂದಿತ್ತು ಎನ್ನಿ.

“ಅಮ್ಮ, ದ್ರಾಕ್ಷಿ ಯಾಕೆ ಬೇಡ ಅಂತೀರಿ?”

“ಮುಂದ ಅದು ಎಂಡ ಆಯ್ತದ, ಅದಕ್ಕ.”

“ಅಂದರೆ ಬೆಳೆ ಮುಂದೆ ಏನಾಗುತ್ತದೆ ಅನ್ನೋದಕ್ಕೆ ಬೆಳೆದವರು ಹೊಣೆ?”

“ಅಲ್ದೇ ಇನ್ಯಾರು?”

ಚರ್ಚೆಯಲ್ಲಿ ಎದುರಾಳಿಯ ಬಾಯಿಂದಲೇ ತತ್ವ ಹೇಳಿಸಬೇಕು, ಆಮೇಲೆ ಅದರ ಬಾಗಿಲು ಹಾಕಬೇಕು. ನಾನು ಹಾಕಿದೆ. “ಹಾಗಾದರೆ ನಿಮ್ಮ ಗೂಡು ಮುಂದೆ ಏನಾಗುತ್ತದೆ ಅಮ್ಮ? ಒಳಗೆ ಹುಳ ಜೀವಂತ ಇರುವಾಗಲೇ ಬಿಸಿನೀರಿಗೆ ಹಾಕುತ್ತಾರೆ. ಒಂದು ಸೀರೆಗೆ ಎಷ್ಟು ಜೀವ? ಹಣ್ಣು ಹಿಂಡಿದರೆ ಯಾರೂ ಸಾಯಲಿಲ್ಲ. ಕಡಿಮೆ ಪಾಪದ್ದನ್ನು ಕಿತ್ತು ಹೆಚ್ಚು ಪಾಪದ್ದನ್ನು ನೆಡಿ ಅಂತೀರಲ್ಲ, ಇದು ಯಾವ ನ್ಯಾಯ?”

ಸಿದ್ದಲಿಂಗನ ಮುಖ ಅರಳಿತು. ದೇವೀರಮ್ಮನವರು, “ದಿಟ ಕನಪ್ಪ ನೀವ್ ಏಳದು,” ಎಂದು ಎದ್ದರು. “ಅಂಗಾರ ಎಲ್ಡೂ ಬ್ಯಾಡ.”

ಎದ್ದವರು ಒಳಗೆ ಹೋದರು. ನನ್ನ ಜೀವಮಾನದಲ್ಲಿ ಅಷ್ಟು ಪೂರ್ತಿಯಾಗಿ ಗೆದ್ದ ಚರ್ಚೆ ಇನ್ನೊಂದಿಲ್ಲ.

ಅದೇ ವಾರ ಮಾದಪ್ಪ ಕೊಳ್ಳೇಗಾಲಕ್ಕೆ ಬಂದ. ನಮಸ್ಕಾರವಿಲ್ಲ, ಕೂರಲಿಲ್ಲ. “ಏನ್ ಸಾ, ಒಂದ್ ಚಪ್ಪರ ಉಳಿಸಿ ಅಂತ ಕರುದ್ರ, ನನ್ ಉಳದ್ ಮನಗೂ ಬೆಂಕಿ ಆಕ್ಬುಟ್ರಲ್ಲ! ಅವ್ವ ಉಳದ್ ಮನಗ ಕಾಲೇ ಇಕ್ತಾ ಇಲ್ಲ. ನಾಲ್ಕನೇ ಜ್ವರ ಎದ್ದವೆ, ಇವತ್ತೋ ನಾಳ್ಕೋ ಅಣ್ಣಾಯ್ತವೆ. ಚಂದ್ರಂಕಿಗ ಬುಡೋರ್ ಯಾರು, ನೀವ್ ಬತ್ತೀರಾ?”

ಜ್ವರವೆಂದರೆ ಹುಳ ಮೇವು ಬಿಟ್ಟು ಪೊರೆ ಕಳಚುವ ನಿದ್ದೆ. ನಾಲ್ಕನೆಯದರಿಂದ ಎದ್ದು, ಹೊಟ್ಟೆ ತುಂಬ ತಿಂದು ಹಣ್ಣಾದ ಹುಳವನ್ನು ಆರಿಸಿ ಚಂದ್ರಂಕಿಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ ಬಿಡಬೇಕು. ಹೊತ್ತು ತಪ್ಪಿದರೆ ನೂಲೆಲ್ಲ ಮೇವಿನ ತಟ್ಟೆಯ ಪಾಲು.

“ಬರುತ್ತೇನೆ,” ಎಂದೆ. ಹೋದೆ ಕೂಡ. ಆದರೆ ಹುಳ ಆರಿಸಲಿಕ್ಕಲ್ಲ, ಅಮ್ಮನನ್ನು ಮಾತಾಡಿಸಲಿಕ್ಕೆ.

ದೇವೀರಮ್ಮನವರಿಗೆ ಸಿಟ್ಟಿರಲಿಲ್ಲ. “ನೀವು ಮಾತಲ್ಲಿ ಏಳುದ್ರಿ. ನಾ ಮಾತಲ್ಲಿ ಒಪ್ಪುದೆ. ಆದ್ರ ಎಲ್ಡೂ ನಾ ಕಂಡಿಲ್ಲ ಕನಪ್ಪ. ತೋರ್ಸಿ.”

ಕಂಡಿಲ್ಲವೇ? ಬಾಲ್ಯದಿಂದ ಹುಳ ಸಾಕಿದವರು, ಕೊಳ್ಳೇಗಾಲಕ್ಕೆ ಇಷ್ಟು ಹತ್ತಿರವಿರುವವರು, ನೂಲು ತೆಗೆಯುವುದನ್ನು ಕಂಡಿಲ್ಲವೇ? ಇಲ್ಲ. ಆ ಕಡೆ ಒಂದು ಕಟ್ಟಳೆ ಇತ್ತು. ಮಾರಿದ ಮಾಲಿನ ಹಿಂದೆ ಹೋಗಬಾರದು. ಎತ್ತು ಮಾರಿದರೆ ಹಗ್ಗ ಬಿಚ್ಚಿಕೊಂಡು ತಿರುಗಿ ನೋಡದೆ ಬರಬೇಕು. ಗೂಡು ಮಾರಿದರೆ ಖಾಲಿ ಚೀಲ ಕೊಡವಿಕೊಂಡು ಬರಬೇಕು. ಹಿಂದೆ ಹೋದರೆ ಮನೆಯ ಹುಲುಸು ಅದರ ಜೊತೆ ಹೋಗುತ್ತದಂತೆ. ಮೂಢನಂಬಿಕೆ ಎಂದು ನಾನು ಆಗ ಅಂದುಕೊಂಡೆ. ಈಗ ಯೋಚಿಸಿದರೆ, ಹಾಯಾಗಿ ನಿದ್ದೆ ಮಾಡಲು ಯಾರೋ ಜಾಣರು ಮಾಡಿಟ್ಟ ಏರ್ಪಾಡು ಎನಿಸುತ್ತದೆ.

“ತೋರ್ಸುದ್ರ ಉಳವ ಚಂದ್ರಂಕಿಗ ಬುಡ್ತೀಯಾ ಅವ್ವ?” ಎಂದ ಮಾದಪ್ಪ.

“ಈ ಸಲದ್ದ ಬುಡ್ತೀನಿ. ಒಟ್ಟಗಾಕಂಡ್ ಸಾಕಿದ್ದ ನಡೂಲಿ ಕೈ ಬುಡಕಾದದಾ? ಮುಂದಿಂದು ಕಂಡ್ ಮ್ಯಾಲ.”

ಹೀಗೆ ಕೊಳ್ಳೇಗಾಲದ ಒಂದು ಚರಕದ ಮನೆಗೆ ಹೋದೆವು. ಅಮ್ಮ, ಮಕ್ಕಳಿಬ್ಬರು, ನಾನು. ತಗ್ಗು ಮಾಡಿನ ಕೋಣೆ, ಹಬೆ, ಬೆಂದ ಹುಳುವಿನ ವಾಸನೆ. ಸಾಕಮ್ಮ ಎಂಬ ನಡುವಯಸ್ಸಿನ ಹೆಂಗಸು ಕುದಿಯುವ ನೀರಿನ ಬಾಣಲೆಯ ಮುಂದೆ ಕೂತು, ತೇಲುವ ಗೂಡುಗಳ ಎಳೆ ಹಿಡಿದು ಚರಕಕ್ಕೆ ಕೊಡುತ್ತಿದ್ದಳು. ಎಳೆ ಮುಗಿದಂತೆ ಕಂದು ಬಣ್ಣದ ಹುಳ ಬಾಣಲೆಯಲ್ಲಿ ಉಳಿಯುತ್ತಿತ್ತು. ದೇವೀರಮ್ಮನವರು ಸೆರಗು ಮೂಗಿಗೆ ಹಿಡಿಯಲಿಲ್ಲ. ಬಾಣಲೆಯ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ನೋಡಿದರು.

“ಕೈ ಯಾಕವ್ವ ಇಂಗಾಗದ?” ಸಾಕಮ್ಮನ ಬೆರಳುಗಳು ಬೆಂದು ಬಿಳಿಚಿದ್ದವು.

“ಬಿಸ್ನೀರಲ್ವಾ ಅಮ್ಮ. ಯಾವಾಗ್ಲೂ ಇಂಗೇಯ.”

“ನಾ ಗೂಡ್ ಬೆಳ್ಯದ ಬುಟ್ಬುಡ್ಲಾ?”

ಸಾಕಮ್ಮ ಚರಕ ನಿಲ್ಲಿಸಿದಳು. “ಅಯ್ಯೋ, ಯಾರ್ ನೀವು? ಅಂಗೆಲ್ಲ ಅನ್ಬ್ಯಾಡಿ. ಗೂಡಿಲ್ದಿದ್ರ ನಾ ಈ ಕೈಯ್ಯ ಇಟ್ಕಂಡ್ ಏನ್ ಮಾಡ್ಲಿ?”

ವೈನ್ ಕಾರ್ಖಾನೆಗೆ ಹೋಗಲು ಬೆಳಗಿನ ಬಸ್ಸು ಹಿಡಿದೆವು. ಮಾದಪ್ಪ ಬರಲಿಲ್ಲ. “ಎಂಡದಂಗಡಿಗ ತಾಯಿಯ ಕರ್ಕಂಡೋದ ಮಗ ಅಂತ ಎಸರು ಅವನೊಬ್ನೇ ತಕಳ್ಳಿ,” ಎಂದು ತಮ್ಮನನ್ನು ಹಂಗಿಸಿ ಕಳಿಸಿದ. ದೇವೀರಮ್ಮನವರು ರೊಟ್ಟಿ ಕಟ್ಟಿಕೊಂಡು, ತಂಬಿಗೆಯಲ್ಲಿ ಮನೆಯ ನೀರು ತಂದಿದ್ದರು. ಕಾರ್ಖಾನೆಯಲ್ಲಿ ಏನನ್ನೂ ಮುಟ್ಟಲಿಲ್ಲ. ಏಜೆಂಟ್ ಕಕ್ಕಾಬಿಕ್ಕಿಯಾದರೂ ಎಲ್ಲವನ್ನೂ ತೋರಿಸಿದ. ಅಮ್ಮನ ಮನಸ್ಸಿನಲ್ಲಿದ್ದುದು ಕಾಡಿನಂಚಿನ ಕಳ್ಳಭಟ್ಟಿ. ಮಡಕೆ, ಮರದ ಚಕ್ಕೆ, ಕೊಳೆತ ಬೆಲ್ಲ. ಇಲ್ಲಿ ತೊಳೆದ ನೆಲ, ದೊಡ್ಡ ಮರದ ಪೀಪಾಯಿಗಳು. ಒಂದಕ್ಕೆ ಕಿವಿಯಿಟ್ಟರು.

“ಒಳಗ ಕುದೀತದ. ಬೆಂಕಿ ಎಲ್ಲದ?”

“ಬೆಂಕಿ ಇಲ್ಲ ಅಮ್ಮ. ಹಣ್ಣಿನ ಸಕ್ಕರೆ ತಾನಾಗೇ ಉಬ್ಬುತ್ತೆ, ದೋಸೆ ಹಿಟ್ಟಿನ ಹಾಗೆ,” ಎಂದ ಏಜೆಂಟ್.

“ಚೊಕ್ಕವಾಗದ,” ಎಂದರು. ಸಿದ್ದಲಿಂಗ ನನ್ನ ತೋಳು ಹಿಡಿದ. ಅಷ್ಟರಲ್ಲಿ ಅಮ್ಮ ಮತ್ತೆ ಕೇಳಿದರು: “ಇದ ಕುಡುದು ಎಂಡ್ರಿಗ ಒಡೀತಾರಾ?”

ಏಜೆಂಟ್ ನಕ್ಕ. “ಇದು ದೊಡ್ಡ ಜನ ಕುಡಿಯೋದು ಅಮ್ಮ. ಊಟದ ಜೊತೆ ಒಂದು ಲೋಟ.”

“ದೊಡ್ ಜನ ಒಡೆಯಕಿಲ್ವಾ?”

ಅವನು ನನ್ನ ಕಡೆ ನೋಡಿದ. ನಾನು ಪೀಪಾಯಿಯ ಕಡೆ ನೋಡಿದೆ.

ಮರುದಿನ ಅದೇ ಜಗಲಿಯ ಮೇಲೆ ತೀರ್ಪಾಯಿತು. “ಉಳ ಸಾಯದ ಕಣ್ಣಾರ ಕಂಡೆ,” ಎಂದರು ದೇವೀರಮ್ಮನವರು. “ಆ ಪಾಪ ನಂದೇ ಅಂತ ಒಪ್ಕಂಡು ಒರ್ತೀನಿ. ರೇಸ್ಮ ಇರ್ಲಿ. ಎಂಡದ್ದು ಅಂಗಲ್ಲ. ಅದು ಯಾವೂರಲ್ಲೋ ಯಾವ ಎಣ್ಣಿನ ಬೆನ್ನ ಮ್ಯಾಲೋ ಬೀಳ್ತದ. ಅವಳ ಮೊಕವ ನಾ ನೋಡಂಗಿಲ್ಲ. ನೋಡಕಾಗ್ದೇ ಇರದ ನಾ ಒರಕಾಗಲ್ಲ. ಅಣ್ಣು ಕಾರ್ಖಾನಗ ಬ್ಯಾಡ.”

ನಾನು ಬಿಡುತ್ತೇನೆಯೇ? “ಅಮ್ಮ, ಆ ಸಾಕಮ್ಮನ ಕೈ ನೋಡಿದಿರಲ್ಲ. ಅದು ಹೆಣ್ಣಿನ ಮೈ ಅಲ್ಲವೇ?”

“ಕಂಡೆ. ಅದಕ್ಕೇ ಅವಳ್ನೇ ಕೇಳುದೆ, ಬುಟ್ಬುಡ್ಲಾ ಅಂತ. ಬ್ಯಾಡ ಅಂದ್ಲು. ಕುಡಿಯೋನ ಎಂಡ್ತಿಯ ಕೇಳಕ ನನ್ನ ಎಲ್ಲಿಗ್ ಕರ್ಕಂಡೋಗಿದ್ರಿ ನೀವು?”

ನನ್ನ ಹತ್ತಿರ ಉತ್ತರವಿತ್ತು. ಅಷ್ಟು ಜನ ಕುಡಿಯುವವರಲ್ಲಿ ಹೊಡೆಯುವವರು ಎಷ್ಟು, ಸಾಬೀತು ಮಾಡುವ ಹೊಣೆ ಯಾರದು, ಹೀಗೆ. ಆದರೆ ಅಕ್ಟೋಬರ್ ಕಳೆಯುತ್ತಿತ್ತು. ಸಿದ್ದಲಿಂಗ ನನ್ನನ್ನೇ ನೋಡುತ್ತಿದ್ದ. ಇನ್ನೊಂದು ಚರ್ಚೆ ಗೆದ್ದರೆ ಅವನು ಉಳಿಯುವುದಿಲ್ಲ ಎಂದು ಅವನ ಮುಖವೇ ಹೇಳುತ್ತಿತ್ತು.

“ಅಂಗಾರ ಕಂಬ ಕೀಳದಾ?” ಎಂದ ಮಾದಪ್ಪ.

“ಬಳ್ಳಿ ಏನ್ಲಾ ತಪ್ಪ್ ಮಾಡದ? ತಿನ್ನ ಅಣ್ಣಾಗಿ ಮಾರ್ಲಿ. ಇದೊಂದ್ ಬೆಳ ನೋಡ್ತೀನಿ. ಮಾರಕಾಗ್ನಿಲ್ಲ ಅಂದ್ರ ಸಿದ್ಲಿಂಗನೇ ಕಂಬ ಕೀಳ್ಲಿ.”

ಸಂತೆಯಲ್ಲಿ ನಗೆಪಾಟಲಾದ ಹಣ್ಣನ್ನು ಒಂದೇ ಬೆಳೆಯಲ್ಲಿ ತಿನ್ನುವ ಹಣ್ಣಾಗಿ ಮಾರಬೇಕು. ಆಗುತ್ತದೆ ಎಂದು ನಾನೂ ನಂಬಿರಲಿಲ್ಲ. ಆದರೆ ಇದು ನನ್ನ ವಿದ್ಯೆಯ ಮಾತಾಗಿತ್ತು. ವಿದ್ಯೆಯ ಮಾತು ಬಂದಾಗ ಸೋಲುವುದು ನನಗೆ ಹಿಡಿಸುವುದಿಲ್ಲ.

ಮರುದಿನವೇ ಸವರಲು ತೊಡಗಿದೆವು. ಸ್ವಲ್ಪ ತಡವಾಗಿತ್ತು. ಸಿದ್ದಲಿಂಗ ಕತ್ತರಿ ಹಿಡಿದರೆ ಹಿಂಜರಿಯುವವನಲ್ಲ. ಬೆಳೆದ ಕಡ್ಡಿಗಳಲ್ಲಿ ಹಣ್ಣು ಬಿಡುವ ಕಣ್ಣುಗಳನ್ನು ಉಳಿಸಿ ಮಿಕ್ಕದ್ದನ್ನು ಚಕಚಕನೆ ಕತ್ತರಿಸಿ ಹಾಕಿದ. ಹಸಿರು ಚಪ್ಪರ ಬೋಳಾಯಿತು. ಚಿಗುರು ಬಂತು, ಚಿಗುರಿನ ಜೊತೆ ಹಿಂಗಾರು ಮಳೆಯೂ ಬಂತು. ಒದ್ದೆ ಹವೆಯಲ್ಲಿ ದ್ರಾಕ್ಷಿಗೆ ಬರುವ ಕೇಡು ಡೌನಿ ಮಿಲ್ಡ್ಯೂ ಎಂಬ ಬೂಷ್ಟು ರೋಗ. ಎಲೆಯ ಕೆಳಗೆ ಬಿಳಿ ಹತ್ತಿಯ ಹಾಗೆ ಹಿಡಿದು, ಹೂಗೊಂಚಲನ್ನೇ ಒಣಗಿಸುತ್ತದೆ. ಅದಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಬೇಕು. ಹದ ಸರಿಯಾಗಿದೆಯೇ ಎಂದು ನೋಡಲು ಕಬ್ಬಿಣದ ಚಾಕು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಅದನ್ನು ಸಿದ್ದಲಿಂಗನ ಕೈಯಲ್ಲೇ ಮಾಡಿಸಿದೆ.

ತೊಡಕು ಬೇರೆ ಕಡೆಯಿಂದ ಬಂತು. ಚಪ್ಪರದ ಕೆಳಬದಿಗೆ ಅಂಟಿಕೊಂಡೇ ಮಾದಪ್ಪನ ಹಿಪ್ಪುನೇರಳೆ. ಔಷಧಿಯ ತುಂತುರು ಗಾಳಿಯಲ್ಲಿ ಹಾರಿ ಸೊಪ್ಪಿಗೆ ಬಿದ್ದರೆ ಅದನ್ನು ತಿಂದ ಹುಳಕ್ಕೆ ಕುತ್ತು. “ಒಂದ್ ತೊಟ್ಟು ಈ ಕಡೀಕ ಆರುದ್ರ ನಾ ಸುಮ್ಕಿರಾಕಿಲ್ಲ,” ಎಂದು ಮಾದಪ್ಪ ಬದುವಿನ ಮೇಲೆ ಕೋಲು ಹಿಡಿದು ನಿಂತ. ಈ ಒಂದು ವಾದದಲ್ಲಿ ಅವನ ಪಕ್ಷವೇ ಸರಿ. ಕೆಳಗಿನ ಸಾಲುಗಳಿಗೆ ಹೊಡೆಯಲಿಲ್ಲ. ಬೂಷ್ಟು ಆ ಸಾಲುಗಳನ್ನು ತಿಂದಿತು. ಮೇಲಿನವು ಉಳಿದವು.

ಫೆಬ್ರವರಿಯಲ್ಲಿ ಗೊಂಚಲು ಕಪ್ಪಾದವು. ಸಿದ್ದಲಿಂಗ ಬುಟ್ಟಿ ಸಿದ್ಧ ಮಾಡಿದ. ನಾನು ಒಂದು ಹಣ್ಣು ಬಾಯಿಗೆ ಹಾಕಿದೆ. ಹುಳಿ. “ಇನ್ನೂ ಬಿಡು,” ಎಂದೆ. ಬಣ್ಣ ಬಂದ ಮೇಲೆ ಸಿಹಿ ತುಂಬಲು ದ್ರಾಕ್ಷಿ ಇನ್ನಷ್ಟು ದಿನ ತೆಗೆದುಕೊಳ್ಳುತ್ತದೆ. ಸೊಪ್ಪಿನ ಜನಕ್ಕೆ ಇದು ಒಗ್ಗುವ ಮಾತಲ್ಲ. ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಸೊಪ್ಪು ಬಲಿಯುತ್ತದೆ, ಹುಳ ಉಪವಾಸ ಬೀಳುತ್ತದೆ. ಅವರ ಮೈಯಲ್ಲೇ ಅವಸರವಿತ್ತು. “ಸಾ, ಅಕ್ಕಿ ತಿಂತಾವೆ, ಹೈಕ್ಳು ಕದೀತಾವೆ, ನೀವು ಬುಡು ಬುಡು ಅಂತೀರಿ,” ಎಂದು ಸಿದ್ದಲಿಂಗ ಗೊಣಗಿದ. ಆದರೂ ಬಿಟ್ಟ. ಹಗಲೆಲ್ಲ ತಗಡು ಬಡಿದು ಹಕ್ಕಿ ಕಾದ.

ಕೊಯ್ಲಿನ ದಿನ ಬೆಳಗ್ಗೆ ಮೊದಲ ಬಸ್ಸಿಗೆ ಹೋದೆ. ಅಷ್ಟು ಹೊತ್ತಿಗೆ ದೇವೀರಮ್ಮನವರ ಮುಂದಾಳತ್ವದಲ್ಲಿ ಹೆಂಗಸರು ಒಂದಿಷ್ಟು ಬುಟ್ಟಿ ತುಂಬಿದ್ದರು. ಗೊಂಚಲ ಮೇಲೆ ಇಬ್ಬನಿ ಹಾಗೇ ಇತ್ತು. ಸಾಲದೆಂದು ಅಮ್ಮ ಬುಟ್ಟಿಯ ಮೇಲೆ ನೀರು ಚಿಮುಕಿಸಿ, ಒದ್ದೆ ಗೋಣಿ ಹೊದಿಸಿ, ಸುತ್ತ ಬಿಗಿಯಾಗಿ ತುರುಕಿದರು. ನಾನು ನಿಂತಲ್ಲೇ ನಿಂತೆ. ಹಿಪ್ಪುನೇರಳೆ ಸೊಪ್ಪನ್ನು ಹಾಗೆಯೇ ಮಾಡುತ್ತಾರೆ. ತಂಪು ಹೊತ್ತಿನಲ್ಲಿ ಕೊಯ್ದು, ಬಾಡದಂತೆ ನೀರು ಹಾಕಿ, ಒದ್ದೆ ಗೋಣಿಯಲ್ಲಿಡುತ್ತಾರೆ. ಇಷ್ಟು ವರ್ಷ ಈ ಮನೆಯವರು ದ್ರಾಕ್ಷಿಯನ್ನೂ ಸೊಪ್ಪೆಂದೇ ಕಂಡಿದ್ದರು. ನೀರು ಕುಡಿದ ಹಣ್ಣು ಬಿರಿಯದೆ ಏನು ಮಾಡುತ್ತದೆ? ಹಾಳಾಗುವುದು ಬಸ್ಸಿನ ಕುಲುಕಾಟಕ್ಕೆ ಎಂದು ಎಲ್ಲರೂ ತಿಳಿದಿದ್ದರು.

ಭಾಷಣ ನಾಲಗೆಯ ತುದಿಗೆ ಬಂದಿತ್ತು. ಆದರೆ ಕಂಡದ್ದನ್ನು ಮಾತ್ರ ಒಪ್ಪುವ ನ್ಯಾಯಾಧೀಶರ ಮುಂದೆ ಭಾಷಣ ದಂಡ. “ಅಮ್ಮ, ಇವತ್ತು ಕೊಯ್ಲು ನಿಲ್ಲಿಸಿ. ನಿಮ್ಮದೊಂದು ಬುಟ್ಟಿ ಇರಲಿ, ನಂದೊಂದು ಬುಟ್ಟಿ ಇರಲಿ. ಆಮೇಲೆ ನೋಡೋಣ,” ಎಂದೆ. ಬಿಸಿಲೇರಿ ಇಬ್ಬನಿ ಆರಿದ ಮೇಲೆ ಗೊಂಚಲ ತೊಟ್ಟು ಹಿಡಿದು ಕತ್ತರಿಸಿ, ಒಣಹುಲ್ಲು ಹಾಸಿದ ಬುಟ್ಟಿಯಲ್ಲಿಟ್ಟು, ಒಣಬಟ್ಟೆ ಮುಚ್ಚಿದೆ. ಎರಡನ್ನೂ ಕೊಟ್ಟಿಗೆಯ ನೆರಳಲ್ಲಿಟ್ಟೆವು.

ಎರಡು ದಿನ ಬಿಟ್ಟು ದೇವೀರಮ್ಮನವರೇ ಗೋಣಿ ತೆಗೆದರು. ನನ್ನ ಬುಟ್ಟಿಯ ಹಣ್ಣು ಕಪ್ಪಗೆ, ಮೇಲೆ ಬೂದಿ ಬಳಿದಂತೆ, ಕೊಯ್ದಾಗಿನ ಹಾಗೇ ಇತ್ತು. ಅವರ ಬುಟ್ಟಿಯಲ್ಲಿ ರಸ ಸೋರಿ, ನೊಣ ಮುತ್ತಿ, ಗುಳ್ಳೆ ಏಳುತ್ತಿತ್ತು. ಅವರು ಬಗ್ಗಿ ಮೂಸಿದರು. ನೆಟ್ಟಗೆ ನಿಂತು ಮತ್ತೆ ಮೂಸಿದರು.

“ಇದು ಆ ಕಾರ್ಖಾನ ವಾಸ್ನ ಕನಾ!”

ಅವರು ಸೊಂಟದ ಮೇಲೆ ಕೈಯಿಟ್ಟರು. “ಅಲ್ಲಾ ಸಿವನೇ, ಇಷ್ಟ್ ವರ್ಸ ನಾನೇ ನನ್ ಕೈಯಾರ ಎಂಡ ಮಾಡಿ ಸಂತಗ ಕಳುಸ್ತಿದ್ನಾ?”

ಮೊದಲು ನಕ್ಕವನು ಮಾದಪ್ಪ. “ಲೇ ಸಿದ್ಲಿಂಗ, ಏಜೆಂಟ್ ಯಾಕ್ಲಾ ಬೇಕಿತ್ತು? ಅವ್ವನೇ ಒಂದ್ ಕ್ಯಾಕ್ಟ್ರಿ ಅವ್ಳೆ!” ದೇವೀರಮ್ಮನವರು ಗೋಣಿಯನ್ನು ಅವನ ಮೇಲೆ ಬೀಸಿದರು. ಅಮ್ಮ ನಕ್ಕದ್ದನ್ನು ನಾನು ಕಂಡದ್ದು ಅಂದೇ.

ಅಂದಿನಿಂದ ಮನೆಯಲ್ಲಿ ಯಾರೂ ಇಬ್ಬನಿ ಆರುವ ಮೊದಲು ಚಪ್ಪರದೊಳಗೆ ಕಾಲಿಡುವಂತಿರಲಿಲ್ಲ. ಅಮ್ಮನ ಕಾವಲು. ಬುಟ್ಟಿಗಳು ಕೊಳ್ಳೇಗಾಲ, ಹನೂರು, ಕೌದಳ್ಳಿಗೆ ಹೋದವು. ಯಾತ್ರಿಕರನ್ನು ಹೊತ್ತು ದೇವರ ಬೆಟ್ಟಕ್ಕೆ ಹೋಗುವ ಬಸ್ಸು ನಿಂತಲ್ಲೆಲ್ಲ ಸಿದ್ದಲಿಂಗ ಕಿಟಕಿಗೆ ಗೊಂಚಲು ಹಿಡಿದ. ಕೊಳ್ಳೇಗಾಲದ ಹಣ್ಣಿನವನು ಮೊದಲು ‘ಹುಣಸೆಹಣ್ಣು’ ಎಂದು ಅಣಕಿಸಿ, ಒಂದು ಹಣ್ಣು ತಿಂದು, ಮಾತಾಡದೆ ಬುಟ್ಟಿ ಇಳಿಸಿಕೊಂಡ. ಎಲ್ಲವೂ ಮಾರಾಟವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹಣ್ಣೆಲ್ಲ ಒಟ್ಟಿಗೇ ಬಂತು, ಕೊಳ್ಳುವವರು ಒಟ್ಟಿಗೇ ಬರಲಿಲ್ಲ. ಬೂಷ್ಟು ತಿಂದ ಸಾಲುಗಳಲ್ಲಿ ಅಳಿದುಳಿದ ಗೊಂಚಲು, ಮೇಲಿನ ಸಾಲುಗಳಲ್ಲಿ ಬಲಿತು ಉದುರತೊಡಗಿದ ಹಣ್ಣು, ಕಡಿಮೆ ಏನಲ್ಲ, ಹಾಗೇ ಉಳಿದವು.

ಆಗ ಬಂತು ಕಾರ್ಖಾನೆಯ ಲಾರಿ. ಏಜೆಂಟ್ ನೇರ ಜಗಲಿಗೆ ಹೋಗಿ ಕೈಮುಗಿದ. “ಅಮ್ಮ, ಚೆನ್ನಾಗಿರೋದನ್ನ ನೀವು ಮಾರಿಕೊಂಡಿದ್ದೀರಿ, ಸಂತೋಷ. ಮಿಕ್ಕಿದ್ದು ಹೇಗೂ ಕೊಳೆಯುತ್ತೆ. ಅದನ್ನಾದರೂ ಕೊಡಿ.”

ಅಮ್ಮ ಹುಳದ ತಟ್ಟೆ ಬಿಸಿಲಿಗಿಡುತ್ತಿದ್ದವರು ತಲೆ ಎತ್ತಲಿಲ್ಲ. “ನನ್ನ ಯಾಕ್ ಕೇಳೀರಿ? ತ್ವಾಟ ಸಿದ್ಲಿಂಗಂದು.”

ಆ ಮನೆಯಲ್ಲಿ ಆ ಮಾತು ಅದೇ ಮೊದಲು. ಅದುವರೆಗೆ ಅದು ‘ನಮ್ ನೆಲ’, ಇಲ್ಲವೇ ‘ಆ ಚಪ್ಪರ’. ಸಿದ್ದಲಿಂಗನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಲಾರಿ ನೋಡಿದ, ಚಪ್ಪರ ನೋಡಿದ, ಕೊನೆಗೆ ನನ್ನನ್ನು ನೋಡಿದ. ನಾನು ಅನಿಸಿದ್ದನ್ನೇ ಹೇಳಿದೆ. “ಕೊಡು. ಕೊಳೆಯುವುದನ್ನು ಇಟ್ಟುಕೊಂಡು ಏನು ಮಾಡುತ್ತೀಯ? ತಿನ್ನುವ ಹಣ್ಣಾಗಿ ಮಾರುತ್ತೇನೆ ಅಂದಿದ್ದೆ, ಮಾರಿದ್ದೀಯ.”

ಅವನು ತಲೆ ಕೆರೆದುಕೊಂಡ. “ಎಮ್ಮಗಾಕ್ತೀನಿ ಸಾ,” ಎಂದ.

ಲಾರಿ ಖಾಲಿ ತಿರುಗಿತು. ನಾನು ಆ ತೀರ್ಮಾನವನ್ನು ಅಂದು ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಯಾರಾದರೂ ವೇದಿಕೆ ಹಾಕಿಕೊಟ್ಟರೆ ಅದರ ವಿರುದ್ಧ ಮಾತಾಡಿ ಗೆಲ್ಲಬಲ್ಲೆ. ಆದರೆ ಈ ಕೆಲಸದಲ್ಲಿ ನನ್ನ ಪಾಲು ಎಲ್ಲಿಗೆ ಮುಗಿಯುತ್ತದೆ ಎಂದು ತಿಳಿದದ್ದು ಆ ಅಂಗಳದಲ್ಲಿ. ಇಂದಿಗೂ ಯಾವ ರೈತನಿಗೂ ಹೊಸ ಬೆಳೆ ಹೇಳುವ ಮೊದಲು, ಆ ಬೆಳೆ ಕೊನೆಗೆ ಎಲ್ಲಿ ಏನಾಗುತ್ತದೆಯೋ ಆ ಜಾಗಕ್ಕೆ ಅವನ ಜೊತೆ ಹೋಗಿ ನಿಲ್ಲುತ್ತೇನೆ. ಇಲಾಖೆಯಲ್ಲಿ ಇದಕ್ಕೆ ಪ್ರಯಾಣಭತ್ಯೆ ಇಲ್ಲ. ನೋಡಿ ಬಂದ ಮೇಲೆ ಬಾಯಿಬಿಟ್ಟು ಕೇಳಿದರೆ ಮಾತ್ರ ಹೇಳುತ್ತೇನೆ, ಹೇಳಿ ಬದುವಿನ ಈಚೆ ಬರುತ್ತೇನೆ.

ಬೇಸಿಗೆಯ ಪ್ರೂನಿಂಗಿಗೆಂದು ಮತ್ತೆ ಹೋದಾಗ ಕೆಳಬದಿಯಲ್ಲಿ ಹಾರೆಯ ಸದ್ದು ಕೇಳಿ ಆ ಕಡೆ ಓಡಿದೆ. ಅಣ್ಣ ತಮ್ಮ ಇಬ್ಬರೂ ಸೇರಿ ಬೂಷ್ಟು ತಿಂದ ಸಾಲಿನ ಕಂಬ ಕೀಳುತ್ತಿದ್ದರು. “ಯಾಕೆ?” ಎಂದೆ. ಮಾದಪ್ಪ ಬೆವರೊರೆಸಿಕೊಂಡ.

“ನನ್ ಸೊಪ್ಪಿನ್ ಮಗ್ಗುಲ್ಲಿ ಇಟ್ಕಂಡು ಪ್ರತಿ ವರ್ಸ ಕೋಲಿಡ್ಕಂಡ್ ನಿಂತ್ಕಳಕ ನಂಗೇನ್ ಬ್ಯಾರ ಗೇಮೆ ಇಲ್ವಾ ಸಾ? ಕಂಬವ ಮ್ಯಾಲಿನ್ ಬದೀಗ ನೆಡ್ತಾ ಇವಿ. ಲೇ ಸಿದ್ಲಿಂಗ, ನೋಡ್ತಾ ನಿಂತ್ಕಬ್ಯಾಡ ಕಣ್ಲಾ, ಆ ತುದಿಯ ಇಡೀಲಾ!”

ಸಿದ್ದಲಿಂಗ ತುದಿ ಹಿಡಿದ. ಕಲ್ಲುಕಂಬ ಎದ್ದಿತು.